ಅರೆತಲೆಗೆ ಹಾಕಿದ ಬರೆ

ಹಿಂದೂಪುರದಲ್ಲಿ ಬೆಲ್ಲದ ಮಂಡಿ ನಡೆಸುತ್ತಿದ್ದ ಅಮರೇಶಪ್ಪನ ಮನೆ ಬಾಗಿಲಿಗೆ ಅಂದು ನಡುಮಧ್ಯಾಹ್ನ ಸ್ಕೂಲಿನ ಮೇಷ್ಟರೇ ಬಂದರು. ಅವನ ಒಂಬತ್ತು ವರ್ಷದ ಮಗಳು ಭ್ರಮರಾಂಬಳ ರೆಟ್ಟೆ ಅವರ ಕೈಯಲ್ಲಿತ್ತು.

"ನಿಮ್ಮ ಹುಡುಗಿ ನಾಟಕ ಆಡ್ತಾಳೆ ಕಣಮ್ಮ. ಲೆಕ್ಕ ಮಾಡು ಅಂದ್ರೆ ಸ್ಲೇಟು ಅರ್ಧ ಕಾಣಲ್ಲ ಅಂತಾಳೆ. ಎರಡು ಬಿಗಿದೆ, ವಾಂತಿ ಮಾಡ್ಕಂಡ್ಬುಟ್ಳು" ಎಂದು ಹೇಳಿ ಹೊರಟುಹೋದರು.

ಅಮರೇಶಪ್ಪನ ಹೆಂಡತಿ ಗುರುಶಾಂತಮ್ಮ ಮಗಳನ್ನು ಒಳಗೆ ಕರೆದುಕೊಂಡಳು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬಾಗಿಲಿನ ಬೆಳಕಿಗೆ ಬೆನ್ನು ತಿರುಗಿಸಿ ನಿಂತು, ಎಡಗಣತಲೆಯನ್ನು ಮುಷ್ಟಿಯಿಂದ ಒತ್ತಿಕೊಳ್ಳುತ್ತಿದ್ದಳು.

"ಮೊದ್ಲು ಏನಾಯ್ತು ಕೂಸೆ?"

"ಮಿಣಮಿಣ ಅಂತು ಅಮ್ಮ. ಗರಗಸದ ಹಲ್ಲು ಇದ್ದಂಗೆ, ಸುತ್ತಾ. ಅದು ದೊಡ್ದಾಗ್ತಾ ದೊಡ್ದಾಗ್ತಾ ಹೋಯ್ತು. ಆಮೇಲೆ ನೋವು ಬಂತು."

ಮಗಳ ಬಾಯಿ ಒರೆಸುತ್ತಿದ್ದ ತಾಯಿಯ ಕೈ ನಿಂತುಹೋಯಿತು. ಆ ಗರಗಸದ ಹಲ್ಲುಗಳನ್ನು ಅವಳು ಬಲ್ಲಳು. ರೊದ್ದದ ತವರುಮನೆಯಲ್ಲಿ, ಇದೇ ವಯಸ್ಸಿನಲ್ಲಿ, ಬಾವಿಕಟ್ಟೆಯ ಮೇಲೆ ಕೂತಿದ್ದಾಗ ಅವಳಿಗೆ ಮೊದಲ ಸಲ ಕಂಡಿದ್ದವು. ಮದುವೆಯ ಹಿಂದಿನ ದಿನ ಅವಳ ತಾಯಿ ಹೇಳಿದ್ದು ಒಂದೇ ಮಾತು: "ಅತ್ತೆ ಮನೇಲಿ ತಲೆನೋವು ಅಂತ ಬಾಯಿ ಬಿಡಬ್ಯಾಡ. ರೋಗಿಷ್ಟೆ ತಂದ್ಕಂಡ್ವಿ ಅಂತಾರೆ." ಹನ್ನೆರಡು ವರ್ಷ ಅವಳು ಬಾಯಿ ಬಿಟ್ಟಿರಲಿಲ್ಲ. ನೋವು ಬಂದ ದಿನ ಒಲೆಯ ಹೊಗೆಯ ನೆಪ ಹೇಳಿ ಹುಣಸೆಹಣ್ಣು ತುಂಬಿಡುವ ಕತ್ತಲೆ ಕೋಣೆಗೆ ಹೋಗಿ, ಒದ್ದೆ ಬಟ್ಟೆ ಬಿಗಿದುಕೊಂಡು ಗಳಿಗೆ ಹೊತ್ತು ಬಿದ್ದುಕೊಂಡಿದ್ದು, ಎದ್ದು ಬಂದು ರೊಟ್ಟಿ ತಟ್ಟುತ್ತಿದ್ದಳು.

ಅತ್ತೆ ದ್ರಾಕ್ಷಾಯಣಮ್ಮ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖವೂ ಬಿಳಿಚಿಕೊಂಡಿತ್ತು.

"ಈ ತಿಂಗಳಲ್ಲಿ ಇದು ಮೂರನೇ ಸಲ. ನಮ್ಮ ತಂಗೀಗೂ ಹಿಂಗೇ ಕಣಮ್ಮ. ತಲೆನೋವು, ವಾಂತಿ ಅಂತ ಶುರುವಾಗಿ ಮೂರನೇ ದಿನ ಮಣ್ಣು ಮಾಡಿ ಬಂದ್ವಿ. ತಡ ಮಾಡಬಾರ್ದು. ನಮ್ಮೂರಿಗೆ ಹೋಗಾನ. ಪೋತಪ್ಪ ಅರೆತಲೆಗೆ ಬರೆ ಹಾಕ್ತಾನೆ."

"ಮಲಗಿದ್ರೆ ಸಾಯಂಕಾಲಕ್ಕೆ ಹೋಗ್ತೈತೆ ಅತ್ತೆಮ್ಮ" ಎಂದಳು ಗುರುಶಾಂತಮ್ಮ.

"ನಿಂಗೆ ಹೆಂಗೆ ಗೊತ್ತು?"

ಹೇಳಬಹುದಾಗಿತ್ತು. ಅಷ್ಟರಲ್ಲಿ ಮಂಡಿಯಿಂದ ಅಮರೇಶಪ್ಪ ಬಂದ.

"ಏನೋ, ಹಂಗನ್ನಿಸ್ತು" ಎಂದು ಅವಳು ತಲೆ ತಗ್ಗಿಸಿದಳು.

"ಅಮ್ಮ ಹೇಳ್ದಂಗೆ ಮಾಡು" ಎಂದ ಅಮರೇಶಪ್ಪ.

ಸಾಯಂಕಾಲದ ಹೊತ್ತಿಗೆ ಹುಡುಗಿ ನಿದ್ದೆ ಮಾಡಿ ಎದ್ದು ಅನ್ನ ಸಾರು ಉಂಡು ಆಡಲು ಹೋದಳು. ಆದರೂ ಮಾರನೆಯ ಬೆಳಗ್ಗೆ ಅಜ್ಜಿ, ತಾಯಿ, ಮಗಳು ಮೂವರೂ ಅಜ್ಜಿಯ ಊರಿನ ಕಡೆಗೆ ಹೋಗುವ ಕಲ್ಯಾಣದುರ್ಗದ ಬಸ್ಸು ಹತ್ತಿದರು. ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಹೊಗೆಯಿಂದ. ಬರೆ ಹಾಕಿಸಲು ಬರಿಹೊಟ್ಟೆಯಲ್ಲಿರಬೇಕೆಂದು ಹುಡುಗಿಗೆ ಏನೂ ತಿನ್ನಿಸಿರಲಿಲ್ಲ. ಪೆನುಗೊಂಡ ದಾಟುವಷ್ಟರಲ್ಲಿ ಬಿಸಿಲು, ಹೊಗೆ, ಹಸಿವು ಮೂರೂ ಸೇರಿ ನೋವನ್ನು ಮತ್ತೆ ಎಬ್ಬಿಸಿದವು. ಭ್ರಮರಾಂಬ ಕಿಟಕಿಯಾಚೆ ಹಳದಿ ಪಿತ್ತ ಕಾರಿದಳು. "ನೋಡ್ದಾ?" ಎಂದರು ದ್ರಾಕ್ಷಾಯಣಮ್ಮ, ಅಳುತ್ತಾ.

ಪೋತಪ್ಪ ಕುರಿ ಕಾಯುತ್ತಿದ್ದ ಮುದುಕ, ಒಳ್ಳೆಯವನು. ಕುರಿಗಳಿಗೆ ಹಾಕಿದಂತೆಯೇ ಮನುಷ್ಯರಿಗೂ ಬರೆ ಹಾಕುತ್ತಿದ್ದ, ಯಾರಿಂದಲೂ ಏನೂ ಪಡೆಯುತ್ತಿರಲಿಲ್ಲ. ಕೆಂಡದಲ್ಲಿ ಕಬ್ಬಿಣದ ಸಲಾಕೆ ಇಟ್ಟು, "ಭಯಪಡೊದ್ದು ತಲ್ಲಿ" ಎಂದು, ಹೆದರಬೇಡ ತಾಯಿ ಎಂದು ತೆಲುಗಿನಲ್ಲಿ ಹೇಳಿ ಹುಡುಗಿಯ ಗಲ್ಲ ಸವರಿದ. ಆಮೇಲೆ ಗುರುಶಾಂತಮ್ಮನ ಕಡೆ ತಿರುಗಿದ.

"ತಲೆ ತೊಡೆ ಮೇಲಿಟ್ಕಂಡು ಗಟ್ಟಿಯಾಗಿ ಹಿಡ್ಕಾ ತಾಯಿ. ಅಲ್ಲಾಡಿದ್ರೆ ಕಷ್ಟ. ಕಣ್ಣು ಪಕ್ಕದಾಗೇ ಐತೆ."

ಸಲಾಕೆ ಹತ್ತಿರ ಬಂದಾಗ ಭ್ರಮರಾಂಬ ತಾಯಿಯ ಮುಖವನ್ನೇ ನೋಡುತ್ತಾ ಬೇಡಿಕೊಂಡಳು. "ಅಮ್ಮ, ಹೋಗ್ಬುಡ್ತು ಅಮ್ಮ. ನಿಜ್ವಾಗ್ಲೂ ನೋವಿಲ್ಲ. ಬ್ಯಾಡ ಅನ್ನಮ್ಮ."

ಗುರುಶಾಂತಮ್ಮ ಕಣ್ಣು ಮುಚ್ಚಿಕೊಂಡಳು. ಕೈಗಳನ್ನು ಸಡಿಲಿಸಲಿಲ್ಲ.

ಚರ್ಮ ಚುರ್ರೆಂದಿತು. ಹುಡುಗಿ ಮೈಯೆಲ್ಲ ಬಿಲ್ಲಿನಂತೆ ಬಾಗಿಸಿ ಚಿಮ್ಮಿದಳು. ಸಲಾಕೆ ಜಾರಿ ಎಡಗಣ್ಣಿನ ಕೊನೆಗೆ ತಾಗಿತು.

ಮೂರು ದಿನ ಅಲ್ಲೇ ಬೇವು, ಬೆಣ್ಣೆ ಹಚ್ಚಿ ನೋಡಿದರು. ಗಾಯ ಕೀವಾಗಿ ಕಣ್ಣು ಬಾತು ಮುಚ್ಚಿಹೋದಾಗ ಹಿಂದೂಪುರಕ್ಕೆ ವಾಪಸು ಬಂದರು. ಮಿಲಿಟರಿಯಲ್ಲಿದ್ದು ಬಂದ ಓಬುಳಪತಿ ಡಾಕ್ಟರು ರೈಲ್ವೆ ಸ್ಟೇಷನ್ನಿನ ಹತ್ತಿರ ಔಷಧಿ ಕೊಡುತ್ತಿದ್ದರು. ಅವರು ದಿನವೂ ತೊಳೆದು, ಕಟ್ಟು ಕಟ್ಟಿ, ಹೇಗೋ ಕಣ್ಣು ಉಳಿಸಿದರು. ರೆಪ್ಪೆ ಮಾತ್ರ ಸುಟ್ಟ ಕಡೆ ಎಳೆದುಕೊಂಡು ಒಣಗಿತು. ಕಟ್ಟು ಬಿಚ್ಚಿದ ದಿನ ಅವರು ಕೇಳತೊಡಗಿದರು.

"ನೋವಿಗೆ ಮುಂಚೆ ಏನಾದ್ರೂ ಕಾಣುತ್ತಾ? ಬೆಳಕು, ಸದ್ದು ಆಗಲ್ವಾ? ನಿದ್ದೆ ಮಾಡಿ ಎದ್ರೆ ಹೋಗುತ್ತಾ? ಮಿಕ್ಕ ದಿನ ಚೆನ್ನಾಗಿರ್ತಾಳಾ?"

ಎಲ್ಲದಕ್ಕೂ ಗುರುಶಾಂತಮ್ಮ ಹೌದೆಂದಳು. ದ್ರಾಕ್ಷಾಯಣಮ್ಮ ತಂಗಿಯ ವಿಷಯ ತೆಗೆದರು.

"ಅವ್ರಿಗೆ ಜ್ವರ ಇತ್ತಾ? ಕತ್ತು ಬಗ್ಗಿಸೋಕೆ ಆಗ್ತಿತ್ತಾ?"

"ಮೈ ಕೆಂಡ ಆಗಿತ್ತು ಸ್ವಾಮಿ. ಕತ್ತು ಕೊರಡು."

"ಅದು ಬೇರೆ ಕಾಯಿಲೆ. ಹಂಗೇನಾದ್ರೂ ಕಂಡ್ರೆ ಒಂದು ಗಳಿಗೆ ಕಾಯದೆ ಓಡಿ ಬನ್ನಿ. ಇದು ಅರೆತಲೆನೋವು. ಬಹಳಮಟ್ಟಿಗೆ ವಂಶದಲ್ಲೇ ಬರುತ್ತೆ. ನಿಮ್ಮಲ್ಲಿ ಯಾರಿಗೈತೆ?"

"ನಮ್ಮ ಮನೇಲಿ ಯಾರ್ಗೂ ಇಲ್ಲ" ಎಂದರು ದ್ರಾಕ್ಷಾಯಣಮ್ಮ.

"ನಂಗೈತೆ" ಎಂದಳು ಗುರುಶಾಂತಮ್ಮ.

ಅತ್ತೆ ತಿರುಗಿ ನೋಡಿದರು. "ಯಾವಾಗ್ಲಿಂದ?"

"ಇವಳಷ್ಟು ಇದ್ದಾಗ್ಲಿಂದ."

"ಇದ್ರಿಂದ ಸಾಯಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ದ್ರಾಕ್ಷಾಯಣಮ್ಮ ಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭ್ರಮರಾಂಬ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅವಳೂ ಕೇಳಿಸಿಕೊಂಡಳು.

ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ನಿದ್ದೆ, ಬರಿಹೊಟ್ಟೆಯಲ್ಲಿ ಬಿಸಿಲಿಗೆ ಹೋಗಬಾರದು, ಕಣ್ಣಲ್ಲಿ ಮಿಣುಕು ಶುರುವಾದ ಕೂಡಲೇ ಕತ್ತಲೆಯಲ್ಲಿ ಮಲಗಿಸಿ ತಣ್ಣೀರ ಬಟ್ಟೆ ಹಾಕಬೇಕು. ಡಾಕ್ಟರು ಹೇಳಿದ್ದು ಇಷ್ಟೇ. ಗುರುಶಾಂತಮ್ಮ ಒಂದೂ ಬಿಡದೆ ಪಾಲಿಸಿದಳು. ಮೇಷ್ಟರ ಮನೆಗೇ ಹೋಗಿ, ಹುಡುಗಿ ಸ್ಲೇಟು ಕಾಣಲ್ಲ ಎಂದರೆ ಮನೆಗೆ ಕಳಿಸಿಕೊಡಿ, ಹೊಡೆಯಬೇಡಿ ಎಂದು ಹೇಳಿ ಬಂದಳು. ನೋವು ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಬಂದಾಗ ಮೊದಲಿಗಿಂತ ಕಷ್ಟವಾಗುತ್ತಿತ್ತು. ಕತ್ತಲೆಗಾಗಿ ಹಂಬಲಿಸುವ ಹುಡುಗಿಗೆ ಒಂದು ಕಣ್ಣು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ.

ಅದಕ್ಕಿಂತ ಹೆಚ್ಚಾಗಿ, ಭ್ರಮರಾಂಬ ಈಗ ನೋವು ಬಂದರೆ ಹೇಳುತ್ತಿರಲಿಲ್ಲ. ಗುರುಶಾಂತಮ್ಮನೇ ಕಂಡುಹಿಡಿಯಬೇಕಿತ್ತು. ಸುಮ್ಮಸುಮ್ಮನೆ ಆಕಳಿಸಿದರೆ, ಬೆಲ್ಲದ ವಾಸನೆಗೆ ಮುಖ ತಿರುಗಿಸಿದರೆ, ತುಟಿ ಬಿಳಿಚಿಕೊಂಡರೆ ಅವಳಿಗೆ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಹುಡುಗಿ ಪಡಸಾಲೆಯ ತಣ್ಣನೆಯ ಕಲ್ಲುಕಂಬಕ್ಕೆ ಹಣೆ ಒತ್ತಿ ನಿಂತಿದ್ದಳು.

"ತಲೆ ನೋಯ್ತೈತಾ ಕೂಸೆ?"

"ಇಲ್ಲ" ಎಂದು ಹುಡುಗಿ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ನಂಗೂ ಬತ್ತೈತೆ ಕಣೆ. ನಂಗೂ ಗರಗಸದ ಹಲ್ಲು ಕಾಣ್ತೈತೆ. ನಂಗೆ ಹೇಳು."

ಭ್ರಮರಾಂಬ ತಾಯಿಯ ಕಡೆ ತಿರುಗಿದಳು.

"ನಿಂಗೆ ಯಾರು ಬರೆ ಹಾಕಿದ್ರು?"

"ಯಾರೂ ಹಾಕಿಲ್ಲ."

ಹುಡುಗಿ ಗೋಡೆ ಹಿಡಿದುಕೊಂಡು ಹುಣಸೆಹಣ್ಣಿನ ಕೋಣೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡಳು. ಒಳಗೆ ವಾಂತಿ ಮಾಡುವ ಸದ್ದು ಕೇಳಿಸಿತು. ಗುರುಶಾಂತಮ್ಮ ಒದ್ದೆ ಬಟ್ಟೆ ಹಿಡಿದು ಬಾಗಿಲು ತಟ್ಟಿದಳು. ತೆರೆಯಲಿಲ್ಲ. ತಟ್ಟುವ ಸದ್ದೂ ಹುಡುಗಿಗೆ ಏಟಿನಂತೆ ಬಡಿಯುತ್ತದೆಂದು ಅವಳಿಗೆ ಗೊತ್ತಿತ್ತು, ಬಿಟ್ಟಳು. ಮೂಟೆ ಇಳಿಸಲು ಬಂದ ಹಮಾಲಿಗಳನ್ನು ಸನ್ನೆ ಮಾಡಿ ಹಿಂದಕ್ಕೆ ಕಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ದೀಪ ಹಚ್ಚುವ ಹೊತ್ತಿಗೆ ಅಗುಳಿ ಸರಿಯಿತು. ಭ್ರಮರಾಂಬ ಹೊರಗೆ ಬಂದು, ತಾಯಿಯನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು.

"ಅಜ್ಜಿ, ಹಸಿವಾಗ್ತೈತೆ" ಎಂದು ಕೇಳುವುದು ಇತ್ತ ಕೇಳಿಸಿತು.