ಮಲಾಕಿಯ ನಾಲ್ಕು ಬೆರಳು

ಕೇಕಿನ ತಟ್ಟೆ ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿ ಬರುತ್ತಿದೆ, ಯಾರೋ ಒಂದು ಹೋಳು ತೆಗೆದರು, ಯಾರೋ ಬೇಡವೆಂದು ಪಕ್ಕಕ್ಕೆ ತಳ್ಳಿದರು, ಒಣದ್ರಾಕ್ಷಿಯ ವಾಸನೆ ತಟ್ಟೆಗಿಂತ ಮೊದಲೇ ಬಂದು ಮಲಾಕಿ ಟಾರ್ಪಿಯ ಮೂಗಿಗೆ ತಾಗಿತು, ಜೊತೆಗೆ ಒದ್ದೆ ಕೋಟುಗಳ ವಾಸನೆ, ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಎಲ್ಲರೂ ನೇರ ಕ್ಲಬ್ಬಿಗೆ ಬಂದಿದ್ದಾರೆ, ವರ್ಷಕ್ಕೊಂದು ಸಭೆ, ಅದೇ ಕಬ್ಬಿಣದ ಕುರ್ಚಿ, ತೊಡೆಗೆ ಅದೇ ತಣ್ಣಗಿನ ಕಬ್ಬಿಣ — ಕೇಕು ಬೇಡ, ಕೇಕು ಬಿಟ್ಟು ಐವತ್ತೇಳು ವರ್ಷವಾಯಿತು, ಯಾಕೆಂದು ಊರಲ್ಲಿ ಯಾರೂ ಕೇಳಲಿಲ್ಲ, ಹೆಂಡತಿ ನೋರೀನ್ ಒಬ್ಬಳು ಕೇಳಿದ್ದಳು, ಹಲ್ಲಿಗೆ ಅಂಟುತ್ತೆ ಕಣೇ ಅಂದಿದ್ದ, ಅವಳು ನಂಬಿದ್ದಳು, ನಂಬಿಕೊಂಡೇ ಮಣ್ಣಿಗೆ ಹೋದಳು. ಎರಡನೇ ಸಾಲಿನಲ್ಲಿ ಮೊಮ್ಮಗಳು ಗ್ರಾನ್ಯಾ ನಿಂತಿದ್ದಾಳೆ, ಕೈಯಲ್ಲಿ ಕಾಗದ, ಕೌಂಟಿ ತಂಡಕ್ಕೆ ಸಂಬಳವಿಲ್ಲದೆ ಕೋಲು-ಚೆಂಡಿನ ಹರ್ಲಿಂಗ್ ಆಡುವವರು ಗಂಡಸರಿರಲಿ ಹೆಂಗಸರಿರಲಿ, ಆಟಕ್ಕಾಗಿ ಅವರು ಕಳೆದುಕೊಂಡಿದ್ದಕ್ಕೆ ಪ್ರತಿಯಾಗಿ ಏನಾದರೂ ಸಿಗಬೇಕು, ಹಾಗೆಂದು ಈ ಕ್ಲಬ್ಬು ಆಟದ ಮೇಲಿನ ಮಂಡಳಿಯವರನ್ನು ಕೇಳಬೇಕು, ಇಷ್ಟೇ ಅವಳು ಓದಿದ್ದು, ಹಿಂದಿನಿಂದ ಯಾರೋ ಒಬ್ಬ ಕೂಗಿದ, ಸಂಬಳ ಬೇಕಿದ್ರೆ ಇಂಗ್ಲೆಂಡಿಗೆ ಹೋಗಿ ಫುಟ್‌ಬಾಲ್ ಆಡಮ್ಮಾ, ಅವಳು ತಿರುಗಿಯೂ ನೋಡದೆ, ಹೋಗ್ತೀನಿ ಬಿಡಿ, ನಿಮ್ಮ ಟ್ರ್ಯಾಕ್ಟರಲ್ಲೇ ಬಿಟ್ಟು ಬನ್ನಿ ಅಂದಳು, ಸಭೆಯೆಲ್ಲ ನಕ್ಕಿತು, ಮಲಾಕಿಗೆ ನಗು ಬರಲಿಲ್ಲ, ನಗು ಎಲ್ಲೋ ದೂರದ ಹೊಲದಲ್ಲಿ ಆದ ಹಾಗೆ ಕೇಳಿಸಿತು. ಶುಕ್ರವಾರ ಅವಳು ಅವನ ಅಡಿಗೆಮನೆಯಲ್ಲಿ ಕೂತಿದ್ದಳು, ದಾದಿಯ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ, ಕಾಲು ಇನ್ನೊಂದು ಕುರ್ಚಿಯ ಮೇಲೆ, ಮಂಡಿಯ ಮೇಲೆ ಊತ ಇಳಿಯಲೆಂದು ಫ್ರಿಜ್ಜಿನಿಂದ ತೆಗೆದ ಬಟಾಣಿ ಚೀಲ, ತಾತ, ಈ ಮಂಡಿ ಎರಡು ಸಲ ಕೊಯ್ಸಿದೀನಿ, ಗೆಳತಿ ಮದ್ವೆಗೆ ಹೋಗ್ಲಿಲ್ಲ, ಪಾಳಿ ಬದಲಾಯ್ಸಿ ಬದಲಾಯ್ಸಿ ಆಸ್ಪತ್ರೇಲಿ ನನ್ನ ಮುಖ ಕಂಡ್ರೆ ಓಡ್ತಾರೆ, ಭಾನುವಾರ ಕ್ಲಬ್ಬಿನವ್ರು ಆಗಲ್ಲ ಅಂದ್ರೆ ಕೋಲು ಕೆಳಗಿಟ್ಬಿಡ್ತೀನಿ, ಸುಮ್ನೆ ಹೇಳ್ತಿಲ್ಲ, ನೀನು ಒಂದು ಮಾತು ಆಡು, ನಿನ್ನ ಮಾತು ಊರು ಕೇಳುತ್ತೆ. ನೋಡೋಣ ಅಂದಿದ್ದ. ಬಟಾಣಿ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು, ಅದನ್ನೇ ನೋಡುತ್ತ ನೋಡೋಣ ಅಂದಿದ್ದ.

ಈಗ ಅಧ್ಯಕ್ಷ ಫಿಂಟನ್ ಡಿವೇನ್ ಎದ್ದಿದ್ದಾನೆ, ಇವನ ಅಪ್ಪನೂ ಹೀಗೇ ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿದ್ದ, ಮಗಳೇ, ನೀನು ಕಷ್ಟ ಪಡ್ತೀಯ, ಯಾರು ಇಲ್ಲ ಅಂದ್ರು, ಆದ್ರೆ ನಿನ್ನ ತಾತ ಇಲ್ಲೇ ಕೂತಿದಾರಲ್ಲ, ಯಜಮಾನ್ರೇ, ಒಮ್ಮೆ ಎಡಗೈ ತೋರ್ಸಿ, ನಾಚ್ಕೋಬೇಡಿ — ಬಂತು, ಪ್ರತಿ ವರ್ಷವೂ ಬೆರಳಿನ ಈ ಕಥೆ ಬರುತ್ತದೆ, ಅರವತ್ತೇಳನೇ ಇಸವಿ, ಫೈನಲ್ಲಿಗೆ ಇನ್ನು ಮೂರು ವಾರ, ಎತ್ತರದ ಚೆಂಡಿಗೆ ಕೈ ಚಾಚಿದಾಗ ಎರಡು ಕೋಲುಗಳ ನಡುವೆ ಉಂಗುರದ ಬೆರಳು ಜಜ್ಜಿಹೋಗಿದ್ದು, ಆರು ವಾರ ಕಟ್ಟು ಹಾಕಬೇಕು ಅಂದರು ಡಾಕ್ಟರು, ಅಷ್ಟು ದಿನ ಎಲ್ಲಿದೆ, ಬೆರಳನ್ನೇ ತೆಗೆದುಬಿಡಿ ಡಾಕ್ಟ್ರೇ ಅಂದ ಮಲಾಕಿ, ಹೌದು, ಅಂದಿದ್ದ, ಅದು ಸುಳ್ಳಲ್ಲ, ಗೆದ್ದರು, ಅದೂ ಸುಳ್ಳಲ್ಲ, ಮದುವೆಯ ದಿನ ಚರ್ಚಿನಲ್ಲಿ ನೋರೀನ್ ಉಂಗುರ ಹಿಡಿದು ಬೆರಳು ಹುಡುಕಿ ಹುಡುಕಿ ನಕ್ಕಿದ್ದಳು, ಆಮೇಲೆ ಶಾಲೆಯ ಮಕ್ಕಳು ಸಾಲಾಗಿ ಬಂದು ಕೈ ನೋಡಿ ಹೋಗುತ್ತಿದ್ದರು, ಅವನು ತೋರಿಸುತ್ತಿದ್ದ. ಫಿಂಟನ್‌ನ ದನಿ ಏರಿತು, ಆ ಬೆರಳಿಗೆ ಇವ್ರು ಏನು ಕೇಳಿದ್ರು ಹೇಳಿ, ಯಾರ ಮನೆ ಬಾಗಿಲಿಗಾದ್ರೂ ಹೋದ್ರಾ, ಚಪ್ಪಾಳೆ, ಚಪ್ಪಾಳೆ, ಬಾಗಿಲು. ಪಾದ್ರಿ ಮನೆಯ ಹಿಂಬಾಗಿಲು. ಹಸಿರು ಬಣ್ಣ, ಕೆಳಗೆ ಕೊಳೆತಿತ್ತು. ಅದೇ ವರ್ಷ ನವೆಂಬರಿನ ಚಳಿಯಲ್ಲಿ ಹಾಲು ಕರೆಯಲು ಕೂತರೆ ಮೊಂಡು ಬೆರಳಿನಿಂದ ಮೊಣಕೈವರೆಗೆ ಜೋಮು, ಕೆಚ್ಚಲ ತೊಟ್ಟು ಸಿಕ್ಕಿದೆಯೋ ಜಾರಿದೆಯೋ ತಿಳಿಯದು, ಹಸು ಒದ್ದು ಬಕೀಟು ಉರುಳಿ ಅಪ್ಪ ನೋಡುತ್ತ ನಿಂತಿದ್ದು, ಆಗ ಡೈರಿಯಲ್ಲಿ ಹಾಲಿನ ಕ್ಯಾನು ತೂಗುವ ಕೆಲಸ ಖಾಲಿ ಇತ್ತು, ಕೂತು ಮಾಡುವ ಕೆಲಸ, ಪಾದ್ರಿ ಒಂದು ಮಾತು ಹೇಳಿದರೆ ಆಯಿತು, ಕ್ಲಬ್ಬಿಗೂ ಆ ಪಾದ್ರಿ, ಫಾದರ್ ಕಿಲೀನ್ ಅವರೇ ಹಿರಿಯರು, ಫೈನಲ್ ಗೆದ್ದ ದಿನ ಇದೇ ಕೈ ಹಿಡಿದು ಎತ್ತಿ ಜನಕ್ಕೆ ತೋರಿಸಿದವರು. ಟೋಪಿ ಬಲಗೈಯಲ್ಲಿ ಹಿಡಿದು ಆ ಕೆಲಸ ಕೇಳಿದ. ಪಾದ್ರಿ ಮನೆಯ ಕೆಲಸದಾಕೆ ನೀಲಿ ಅಂಚಿನ ತಟ್ಟೆಯಲ್ಲಿ ಕೇಕು ತಂದಿಟ್ಟಳು, ಫಾದರ್ ಬೆಂಕಿಗೆ ಬೆನ್ನು ಕಾಯಿಸುತ್ತ, ಮಲಾಕಿ, ನೀನು ಆಡಿದ್ದು ಊರಿಗಾಗೋ ಈ ಕೆಲಸಕ್ಕಾಗೋ, ಊರಿಗಾಗಿ ಫಾದರ್, ಹಾಗಾದ್ರೆ ಕೇಕು ತಿನ್ನಪ್ಪ, ತಿನ್ನು. ತಿಂದ. ಹೋಳಿನಿಂದ ಕೆಂಪು ಚೆರ್ರಿಯೊಂದು ಕಳಚಿ ತಟ್ಟೆಗೆ ಬಿತ್ತು, ಎಡಗೈಯಲ್ಲಿ ಎತ್ತಲು ಹೋದ, ಬೆರಳಿಲ್ಲದ ಸಂದಿನಿಂದ ಜಾರಿತು, ಮತ್ತೆ ಹೋದ, ಉರುಳಿ ನೀಲಿ ಅಂಚಿಗೆ ಹೋಗಿ ನಿಂತಿತು, ಮುಗಿಲೆತ್ತರದ ಚೆಂಡು ಹಿಡಿದ ಕೈ, ಫಾದರ್ ನೋಡುತ್ತಿದ್ದರು, ಕೆಲಸದಾಕೆ ನೋಡುತ್ತಿದ್ದಳು, ಡೈರಿ ಕೆಲಸ ಅವಳ ತಮ್ಮನ ಮಗನಿಗಾಯಿತು, ಅವನು ಹುಟ್ಟಿದಾರಭ್ಯ ಕೋಲು ಮುಟ್ಟಿದವನಲ್ಲ, ಆ ಸಂಜೆಯೇ ಮಲಾಕಿ ಹಸುಗಳ ಹತ್ತಿರ ಹೋಗಿ ಕೂತ.

ಕೇಕಿನ ತಟ್ಟೆ ಅವನ ತೊಡೆಗೆ ಬಂದಿದೆ. ಪಕ್ಕದ ಟೈಗ್ ಲೀಹಿ ಅದನ್ನು ಎತ್ತಿಕೊಂಡ, ನೀನಂತೂ ತಿನ್ನಲ್ಲ ಬಿಡು ಅಂದ. ಪರವಾಗಿರೋರು ಕೈ ಎತ್ತಿ, ಫಿಂಟನ್ ಹೇಳಿದ, ಮುಂದಿನ ಸಾಲುಗಳಲ್ಲಿ ಹುಡುಗ ಹುಡುಗಿಯರ ಕೈಗಳು ಎದ್ದವು, ಹೆಚ್ಚೇನಿಲ್ಲ, ಗ್ರಾನ್ಯಾ ತಲೆ ತಗ್ಗಿಸಿ ನಿಂತಿದ್ದಾಳೆ, ಹಿಂದೆ ನೋಡುತ್ತಿಲ್ಲ, ಹಿಂದೆ ಯಾವ ಕೈಯೂ ಇರುವುದಿಲ್ಲ ಎಂದು ಅವಳಿಗೆ ಗೊತ್ತು — ಮಲಾಕಿಯ ಎಡಗೈ ಮೇಲೆ ಹೋಗಿದೆ, ಹೋಗಿದ್ದು ಅವನಿಗೆ ತಿಳಿಯಲಿಲ್ಲ, ಜೋಮು ಹಿಡಿದ ಕೈ, ಕೋಟಿನ ತೋಳು ಜಾರಿ ಮೊಣಕೈ ತಣ್ಣಗಾದಾಗ ತಿಳಿಯಿತು. ಯಜಮಾನ್ರೇ, ಇದು ಪರ ಇರೋರ್ದು, ವಿರೋಧ ಆಮೇಲೆ ಕೇಳ್ತೀನಿ, ಇಳಿಸಿ ಅಂದ ಫಿಂಟನ್, ಸಭೆ ಪ್ರೀತಿಯಿಂದಲೇ ನಕ್ಕಿತು, ಟೈಗ್ ತೋಳು ಜಗ್ಗಿದ, ಏ ಮಲಾಕಿ, ನಮ್ಮ ಸರದಿ ಇನ್ನೂ ಬಂದಿಲ್ಲ ಮಾರಾಯ, ಕೈ ಇಳಿಯಲಿಲ್ಲ. ನಾನೂ ಕೇಳಿದ್ದೆ, ಅಂದ ಮಲಾಕಿ. ನಗು ನಿಂತಿತು. ಗ್ರಾನ್ಯಾ ತಿರುಗಿದಳು. ಏನು ಕೇಳಿದ್ರಿ ಯಜಮಾನ್ರೇ, ಯಾರನ್ನ ಕೇಳಿದ್ರಿ, ಫಿಂಟನ್ ಕಾಯುತ್ತಿದ್ದಾನೆ, ಎಲ್ಲರೂ ಕಾಯುತ್ತಿದ್ದಾರೆ, ಹೇಳಬೇಕು, ಹಿಂಬಾಗಿಲು, ಹಾಲಿನ ಕ್ಯಾನು, ಒಂದೊಂದಾಗಿ ಹೇಳಬೇಕು, ಬಾಯಿ ತೆರೆದಿದೆ, ನಾಲ್ಕು ಬೆರಳು ಮೇಲೆಯೇ ಇವೆ, ಮೊದಲು ಯಾವುದು, ತಟ್ಟೆ, ತಟ್ಟೆಯ ನೀಲಿ ಅಂಚು, ಅಂಚಿನಲ್ಲಿ ಕೆಂಪು ಚೆರ್ರಿ, ಒಂದೇ ಒಂದು, ಕೆಂಪಗೆ…