ಯಾರಿಗೂ ಭಾರವಾಗದ ಹುಡುಗಿ

ಹಂಡೆಯ ನೀರಿಗೆ ಬೆರಳದ್ದಿ ನೋಡಿದ ಕಲ್ಪನ ಇನ್ನೆರಡು ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು. ಹೊಗೆ ಮುಖಕ್ಕೆ ನುಗ್ಗಿತು. ಮುಖ ಪಕ್ಕಕ್ಕೆ ತಿರುಗಿಸಿ, ಕೊಳವೆಯನ್ನು ಬಾಯಿಗಿಟ್ಟು ಊದಿದಳು. ಅದು ಅವಳ ತಾಯಿಯ ಹೆಣಕ್ಕೆ ಎರೆಯುವ ನೀರು.

"ಬಿಡಮ್ಮ, ನಾನ್ ನೋಡ್ಕೋತೀನಿ," ಎಂದು ಇಂದ್ರಾಣಿ ಕೈ ಚಾಚಿದಳು.

"ಸೌದೆ ಅಸಿ ಐತೆ ದೊಡ್ಡಮ್ಮ, ನಿನ್ ಕೈಗೆ ಉರಿ ಇಡಿಯಲ್ಲ. ನೀನ್ ಒಳಗೋಗಿ ಅಮ್ಮನತ್ರ ಕೂತ್ಕೋ."

ಹುಡುಗಿಗೆ ಹದಿನಾಲ್ಕು ವರ್ಷ. ಬೆಳಗಿನ ಜಾವ ಬೂದಿಕೋಟೆಯ ದೊಡ್ಡಮ್ಮನಿಗೆ ಫೋನು ಮಾಡಿದವಳೂ ಅವಳೇ. "ದೊಡ್ಡಮ್ಮ, ಅಮ್ಮ ಓಗ್ಬಿಟ್ಲು. ದೊಡ್ಡಪ್ಪಂಗೆ ಗಾಡಿ ನಿಧಾನಕ್ಕೆ ಓಡ್ಸು ಅಂತೇಳು," ಎಂದಿದ್ದಳು. ತಂಗಿ ಸತ್ತ ಸುದ್ದಿ ಕೇಳಿ ಇಂದ್ರಾಣಿ ಕೂಗಿಕೊಂಡಿದ್ದಳು. ಫೋನಿನ ಆ ಕಡೆ ಹುಡುಗಿ ಅವಳ ಅಳು ಮುಗಿಯುವ ತನಕ ಕಾದು, ಆಮೇಲೆ ಇಟ್ಟಿದ್ದಳು.

ಗಂಡ ಮುನಿನಾರಾಯಣಪ್ಪನ ಹಿಂದೆ ಗಾಡಿಯಲ್ಲಿ ಕೂತು ಬರುವಾಗ ದಾರಿಯುದ್ದಕ್ಕೂ ಇಂದ್ರಾಣಿಯ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ಇವತ್ತು ಈ ಮಗುವನ್ನು ಕರೆದುಕೊಂಡೇ ಹೋಗಬೇಕು. ಹಾಗೆಂದು ಅವಳು ತಂಗಿ ಶ್ಯಾಮಲಳಿಗೆ ಮಾತು ಕೊಟ್ಟಿದ್ದಳು.

ಕ್ಯಾಸಂಬಳ್ಳಿ ದಾಟಿ ಊರು ಸೇರಿದಾಗ ಮನೆಯಲ್ಲಿ ಎಲ್ಲವೂ ನಡೆದುಹೋಗಿತ್ತು. ಶ್ಯಾಮಲಳನ್ನು ಚಾಪೆಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಗದ್ದ ಜೋಲದಂತೆ ಬಿಳಿಯ ಬಟ್ಟೆಯೊಂದನ್ನು ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದ್ದರು.

"ಬಟ್ಟೆ ಯಾರ್ ಕಟ್ಟಿದ್ದು?" ಎಂದು ಇಂದ್ರಾಣಿ ಪಕ್ಕದ ಮನೆಯ ರಾಧಾಮಣಿಯನ್ನು ಕೇಳಿದಳು.

"ಮಗ್ಳೇ ಕಣಕ್ಕ. ನಾನ್ ಬರೋ ಒತ್ಗೆ ಎಲ್ಲಾ ಆಗಿತ್ತು. ಅಮ್ಮ ಏಳ್ಕೊಟ್ಟಿದ್ಲು ಅಂತು." ರಾಧಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ ಮನೇಲೂ ಎರ್ಡವೆ, ತಟ್ಟೆ ಎತ್ತಿಡೋಕೂ ಬರಲ್ಲ."

*

ಹಿಂದಿನ ಯುಗಾದಿಯ ಮಾರನೆಯ ದಿನ ಶ್ಯಾಮಲ ಬೂದಿಕೋಟೆಗೆ ಬಂದಿದ್ದಳು. ಅವಳು ದಿನಾ ಬಂಗಾರಪೇಟೆಯಲ್ಲಿ ಬೆಳಗಿನ ಐದು ಗಂಟೆಯ ರೈಲು ಹತ್ತಿ, ಬೆಂಗಳೂರಿನ ಯಾವುದೋ ಆಫೀಸಿನ ಏಳು ಮಹಡಿ ಒರೆಸಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವವಳು. ಗಂಡ ಕೆಲಸಕ್ಕೆಂದು ಹೊಸೂರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಆರು ವರ್ಷವಾಗಿತ್ತು. ಕಣ್ಣು ಕಾಣದ ಅವನ ತಾಯಿ ಪಾಪಮ್ಮನನ್ನು ಸಾಕುತ್ತಿದ್ದವಳೂ ಶ್ಯಾಮಲಳೇ.

ಇಂದ್ರಾಣಿ ಹಾಲು ಕರೆಯುತ್ತಿದ್ದಳು. ಶ್ಯಾಮಲ ಕರುವಿನ ಹಗ್ಗ ಹಿಡಿದು ನಿಂತು, ಎದೆಯಲ್ಲಿನ ಗಡ್ಡೆಯ ವಿಷಯ ಹೇಳಿದಳು. ಬರೋದು ತಡ ಆಯ್ತು ಅಂದ್ರು ಡಾಕ್ಟ್ರು, ಎಂದಳು. ಅಳಲಿಲ್ಲ.

"ಬಾಲಾಜಿ ಚಿಕ್ಕೋನು, ಅವನ್ನ ಯಾರಾದ್ರೂ ಎತ್ಕೋತಾರೆ. ಅಕ್ಕಾ, ಕಲ್ಪನಾನ ನೀನ್ ಇಟ್ಕೋತೀಯಾ?"

"ಅದ್ನೂ ಕೇಳ್ಬೇಕೇನೇ?" ಎಂದಳು ಇಂದ್ರಾಣಿ. ಆದರೆ ಹಾಗೆನ್ನುವ ಮೊದಲು ಅವಳ ಕಣ್ಣು ಕೊಟ್ಟಿಗೆಯ ಆಚೆ ಹುಲ್ಲು ಕತ್ತರಿಸುತ್ತಿದ್ದ ಗಂಡನ ಕಡೆಗೆ ಹೋಗಿ ಬಂದಿತ್ತು. ಅದನ್ನು ತಂಗಿ ನೋಡಿದಳು.

"ಸುಮ್ನೆ ಕೂತು ಉಣ್ಣೋ ಉಡುಗಿ ಆಗಲ್ಲ ಬಿಡಕ್ಕ," ಎಂದಳು ಶ್ಯಾಮಲ. "ಎಲ್ಲಾ ಕಲ್ಸೇ ಕಳಿಸ್ತೀನಿ. ಯಾರ್ಗೂ ಬಾರ ಆಗ್ಬಾರ್ದು."

*

ಹನ್ನೊಂದು ಗಂಟೆಗೆ ತಮಟೆಯವರು ಬಂದರು. ಎಂಟು ವರ್ಷದ ಬಾಲಾಜಿಯ ಕೈಗೆ ಮಡಕೆ ಕೊಟ್ಟು ಮುಂದೆ ನಡೆಸಿದರು. ಹೆಂಗಸರು ಬೀದಿಯ ಕೊನೆಯ ತನಕ ಹೋಗಿ ನಿಂತರು. ಇಂದ್ರಾಣಿ ನೆಲದ ಮೇಲೆ ಕುಸಿದು ಕೂತಾಗ ಅವಳನ್ನು ತೋಳು ಹಿಡಿದು ಎಬ್ಬಿಸಿದ್ದು ಕಲ್ಪನ.

"ಏಳು ದೊಡ್ಡಮ್ಮ. ಮನೆ ತೊಳೀಬೇಕು."

ಮನೆ ತೊಳೆದಾಯಿತು. ಹೆಣವಿದ್ದ ಜಾಗದಲ್ಲಿ ದೀಪ ಇಟ್ಟಾಯಿತು. ರಾಧಾಮಣಿ ತನ್ನ ಮನೆಯಿಂದ ಅನ್ನ, ಸಾರು ತಂದಿಟ್ಟಳು. ಒಳಕೋಣೆಯಿಂದ ಪಾಪಮ್ಮ, "ಶ್ಯಾಮಲಾ, ಮಾತ್ರೆ ಕೊಡೇ," ಎಂದು ವಾಡಿಕೆಯಂತೆ ಕೂಗಿ, ಮರುಕ್ಷಣವೇ ನೆನಪಾಗಿ, "ಅಯ್ಯೋ ದೇವುಡಾ," ಎಂದು ತಲೆ ಚಚ್ಚಿಕೊಳ್ಳತೊಡಗಿದಳು. ಕಲ್ಪನ ಒಳಗೆ ಹೋಗಿ ಮುದುಕಿಯ ಎರಡೂ ಕೈ ಹಿಡಿದು ನಿಲ್ಲಿಸಿದಳು. ಎರಡು ತುತ್ತು ಅನ್ನ ತಿನ್ನಿಸಿದಳು. ಮಾತ್ರೆ ಕೊಟ್ಟು ಬಾಯಿ ಒರೆಸಿದಳು.

ಹಜಾರದಲ್ಲಿ ಕೂತ ಹೆಂಗಸರೆಲ್ಲ ನೋಡುತ್ತಿದ್ದರು.

"ತಾಯಿ ಅಂದ್ರೆ ಅಂಗಿರ್ಬೇಕು. ಎಂಗೆ ಬೆಳ್ಸವ್ಳೆ ನೋಡು," ಎಂದಳು ಒಬ್ಬಳು.

"ಇನ್ನೇನ್ ಬಿಡು, ಮನೆ ನಡ್ಕೊಂಡೋಗ್ತದೆ," ಎಂದಳು ಇನ್ನೊಬ್ಬಳು. ಆ ಮಾತಿನ ಮೇಲೆ ಇಬ್ಬರು ಮೂವರು ಎದ್ದು, ಚಪ್ಪಲಿ ಮೆಟ್ಟಿಕೊಂಡರು.

*

ದೀಪಾವಳಿ ಕಳೆದ ಮೇಲೆ ಒಂದು ದಿನ ಇಂದ್ರಾಣಿ ತಂಗಿಯನ್ನು ನೋಡಲು ಬಂದಿದ್ದಳು. ಅಷ್ಟು ಹೊತ್ತಿಗೆ ಶ್ಯಾಮಲ ಕೆಲಸ ಬಿಟ್ಟು ಮಂಚ ಹಿಡಿದಿದ್ದಳು. ಕಲ್ಪನ ಪಾತ್ರೆಯನ್ನು ಎರಡು ಕಾಲಿನ ನಡುವೆ ಅದುಮಿಕೊಂಡು ರಾಗಿಹಿಟ್ಟು ತಿರುವುತ್ತಿದ್ದಳು. ಪಾತ್ರೆ ಜಾರಿ ಕುದಿಯುವ ಹಿಟ್ಟು ಮಣಿಕಟ್ಟಿನ ಮೇಲೆ ಬಿತ್ತು. ಹುಡುಗಿ ಚೀರಿ ಕೋಲು ಬಿಟ್ಟಳು.

ಇಂದ್ರಾಣಿ ಎದ್ದಳು. "ಕೂತ್ಕೋ ಅಕ್ಕ," ಎಂದಳು ಶ್ಯಾಮಲ, ಮಂಚದಿಂದಲೇ. ಆಮೇಲೆ ಮಗಳಿಗೆ, "ನೀರಾಕ್ಕೋ. ಆಕ್ಕೊಂಡ್ ಬಂದು ತಿರುವು. ಗಂಟಾಗ್ತದೆ," ಎಂದಳು.

"ಅಮ್ಮ, ಉರೀತದೆ."

"ಉರೀತದೆ. ತಿರುವು."

ಹುಡುಗಿ ಬಿಕ್ಕುತ್ತಲೇ ತಿರುವಿದಳು. ಮುದ್ದೆ ಕಟ್ಟಿ ಮೊದಲು ಅಜ್ಜಿಗೆ, ಆಮೇಲೆ ತಮ್ಮನಿಗೆ ಇಟ್ಟಳು. ಅವಳು ನೀರು ತರಲು ಹೊರಗೆ ಹೋದಾಗ ಇಂದ್ರಾಣಿ ತಡೆಯಲಾರದೆ, "ನೀನು ತಾಯೇನೇ?" ಎಂದಳು.

ಶ್ಯಾಮಲ ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನು ಅಲುಗುತ್ತಿತ್ತು. ಆ ಕಡೆಗೇ ಮುಖವಿಟ್ಟು, "ಕೆಲ್ಸ ಬರೋ ಉಡುಗೀನ ಯಾರೂ ಬ್ಯಾಡ ಅನ್ನಲ್ಲ ಅಕ್ಕ," ಎಂದಳು.

*

ಗಂಡಸರು ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಾಲಾಜಿ ಮುನಿನಾರಾಯಣಪ್ಪನ ಹೆಗಲ ಮೇಲಿದ್ದ. ಗುಂಡಿಗೆ ಮಣ್ಣು ಹಾಕು ಎಂದಾಗ ಕಿರುಚಿ ಓಡಿದವನು, ಹಿಡಿದು ಎತ್ತಿಕೊಂಡ ದೊಡ್ಡಪ್ಪನ ಕುತ್ತಿಗೆಯನ್ನು ಆಮೇಲೆ ಬಿಟ್ಟೇ ಇರಲಿಲ್ಲ. ಸ್ನಾನ ಮಾಡಿಸಿದ ಮೇಲೂ ಅವನ ತೊಡೆಯ ಮೇಲೆಯೇ ನಡುಗುತ್ತಾ ಕೂತ.

ಶ್ಯಾಮಲಳ ಗಂಡನ ಚಿಕ್ಕಪ್ಪ ವೆಂಕಟೇಶಪ್ಪ ಮಾತು ತೆಗೆದ. ಹೊಸೂರಿನಿಂದ ಯಾರೂ ಬಂದಿರಲಿಲ್ಲ; ಆ ಮನೆಗೆ ಉಳಿದಿದ್ದ ಹಿರಿಯ ಗಂಡಸು ಅವನೊಬ್ಬನೇ.

"ಮಣ್ಣಾಕೋ ಮಗ ಮೂರ್ದಿನ ಮನೇಲಿರ್ಬೇಕು, ಅದು ಪದ್ಧತಿ. ಆದ್ರೆ ಮಗು ಎದ್ರಿಕೊಂಡೈತೆ. ಮುನಿನಾರಾಯಣಪ್ಪ, ನೀವೇ ಕರ್ಕೊಂಡೋಗಿ ಸಾಕ್ಕೊಳ್ಳಿ. ಮೂರ್ನೇ ದಿನ ಆಲು-ತುಪ್ಪಕ್ಕೆ ಕರ್ಕೊಂಬನ್ನಿ."

"ಅವ್ನು ನಮ್ ಮಗ ಇದ್ದಂಗೆ," ಎಂದ ಮುನಿನಾರಾಯಣಪ್ಪ, ಹುಡುಗನ ಬೆನ್ನು ಸವರುತ್ತಾ.

"ಕಲ್ಪನಾನೂ..." ಎಂದಳು ಇಂದ್ರಾಣಿ. "ನಾನ್ ಶ್ಯಾಮಲಂಗೆ ಮಾತ್ ಕೊಟ್ಟಿದ್ದೆ."

"ಅವ್ಳು ಬಂದ್ರೆ ಮುದುಕೀನ ಯಾರ್ ನೋಡ್ತಾರೆ?" ಎಂದ ಗಂಡ, ಮೆಲ್ಲಗೆ. ಅವನು ಕೆಟ್ಟವನಲ್ಲ. "ಆಯಮ್ಮ ಈ ಮನೆ ಬಿಟ್ಟು ಬರಲ್ಲ."

"ಉಡುಗಿ ಬಗ್ಗೆ ಚಿಂತೆನೇ ಬ್ಯಾಡಮ್ಮ," ಎಂದ ವೆಂಕಟೇಶಪ್ಪ. "ನಮಗೆಲ್ಲಾ ಬುದ್ಧಿ ಏಳೋ ಅಂಗವ್ಳೆ. ಪಕ್ಕದಲ್ಲಿ ರಾಧಾಮಣಿ ಅವ್ಳೆ, ನಾವೆಲ್ಲಾ ಇದೀವಿ."

ಕಲ್ಪನ ಬಾಗಿಲ ಹತ್ತಿರ ಕೂತು ಲೋಟ ತೊಳೆಯುತ್ತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು.

"ನೀನ್ ಏನಂತೀಯೇ?" ಎಂದಳು ಇಂದ್ರಾಣಿ. ಬರ್ತೀನಿ ಅಂತ ಒಂದು ಮಾತು ಅನ್ನಲಿ, ಅಳಲಿ, ನನ್ನ ಸೆರಗು ಹಿಡಿಯಲಿ, ಆಮೇಲೆ ಇವರೆಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತೇನೆ ಎಂದುಕೊಂಡಳು.

ಕಲ್ಪನ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ತಮ್ಮನನ್ನು ನೋಡಿದಳು.

"ಅವ್ನು ಒಬ್ನೇ ಮಲ್ಗಲ್ಲ ದೊಡ್ಡಮ್ಮ. ಪಕ್ಕದಲ್ಲಿ ಮಲಗಿಸ್ಕೋ. ಮುದ್ದೆ ಚಿಕ್ ಚಿಕ್ಕದಾಗಿ ಮುರಿದು ಕೊಡು, ಇಲ್ದಿದ್ರೆ ನುಂಗಲ್ಲ," ಎಂದಳು.

ಇಂದ್ರಾಣಿಯ ಎದೆಯಿಂದ ಏನೋ ಇಳಿದಂತಾಯಿತು. ಹಾಗೆ ಇಳಿದದ್ದು ತಂಗಿಗೆ ಕೊಟ್ಟು, ಹೊತ್ತುಕೊಂಡು ಬಂದಿದ್ದ ಮಾತಿನ ಭಾರವೇ ಎಂದು ಗೊತ್ತಾದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಅವಳು ಮತ್ತೆ ಬಾಯಿ ತೆರೆಯಲಿಲ್ಲ.

ಬಾಲಾಜಿಯ ಬಟ್ಟೆ, ಪುಸ್ತಕಗಳನ್ನು ಬ್ಯಾಗಿಗೆ ತುಂಬಿದವಳೂ ಕಲ್ಪನ. ಬೂದಿಕೋಟೆಯಲ್ಲಿ ಹಸುಗಳು ಕಾಯುತ್ತಿದ್ದವು; ಸಂಜೆ ಹಾಲಿನ ಹೊತ್ತಿಗೆ ತಲುಪಬೇಕಿತ್ತು. ಗಾಡಿಯ ಹತ್ತಿರ ಇಂದ್ರಾಣಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು.

"ತಿಥಿ ಆಗ್ಲಿ. ಆಮೇಲೆ ನಿನ್ನೂ ಕರ್ಕೊಂಡೋಗ್ತೀನಿ."

"ಆಗ್ಲಿ ದೊಡ್ಡಮ್ಮ," ಎಂದಳು ಕಲ್ಪನ. ಬೆಳಗಿನಿಂದ ಬಂದುಹೋದವರಿಗೆಲ್ಲ ಅವಳು ಹೀಗೆಯೇ ಹೇಳಿದ್ದಳು.

ಬಾಲಾಜಿ ಇಬ್ಬರ ನಡುವೆ ಕೂತು, ದೊಡ್ಡಪ್ಪನ ಬೆನ್ನಿಗೆ ಮುಖವೊತ್ತಿದ. ನೀರಿನ ಟ್ಯಾಂಕಿನ ತಿರುವಿನಲ್ಲಿ ದನಗಳು ಅಡ್ಡ ಬಂದು ಗಾಡಿ ನಿಂತಾಗ ಇಂದ್ರಾಣಿ ಹಿಂತಿರುಗಿ ನೋಡಿದಳು. ಮನೆಯ ಮುಂದೆ ಜನ ಕರಗಿದ್ದರು. ಬಾಡಿಗೆಗೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಕಲ್ಪನ ಒಂದರ ಮೇಲೊಂದು ಪೇರಿಸುತ್ತಿದ್ದಳು. ಕೊನೆಗೆ ಉಳಿದಿದ್ದ ಇಬ್ಬರು ಗಂಡಸರು ತಾವು ಕೂತಿದ್ದ ಕುರ್ಚಿಗಳನ್ನು ಅವಳ ಕಡೆಗೆ ಸರಿಸಿ, ಮಾತಾಡಿಕೊಳ್ಳುತ್ತಾ ಹೊರಟರು. ಪೇರಿಸಿದ ಕುರ್ಚಿಗಳು ಹುಡುಗಿಗಿಂತ ಎತ್ತರವಾದವು. ಅವುಗಳ ಹಿಂದೆ ಅವಳು ಕಾಣದಾದಳು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದ ಎರಡು ಸಣ್ಣ ಕೈಗಳು ಮೇಲಕ್ಕೆ ಬಂದು, ತುದಿಯಲ್ಲಿ ಇನ್ನೊಂದು ಕುರ್ಚಿಯನ್ನು ಇಟ್ಟವು.