ಕುರ್ಚಿಗೆ ನಾನೂರು ಯೆನ್

ಕುಳಿತ ಕೂಡಲೇ ಕೇಳದೆ ಬರುವ ತಿನಿಸಿನ ಪುಟ್ಟ ಬಟ್ಟಲಿಗೆ ನಾನೂರು ಯೆನ್, ಬಿಯರಿಗೆ ಏಳುನೂರು, ಸುಟ್ಟ ಬಂಗಡೆಗೆ ಒಂಬೈನೂರು. ಮೀನು, ಎಣ್ಣೆ, ಬಾಡಿಗೆ ಎಲ್ಲ ಏರಿದರೂ ಫುಮಿನೊ ಬಟ್ಟಲಿನ ದರ ಏರಿಸಿರಲಿಲ್ಲ. ಕ್ಯೋಟೋದ ಓಣಿಯೊಂದರಲ್ಲಿದ್ದ ಅವಳ ಬಿಯರಿನ ಅಂಗಡಿಯಲ್ಲಿ ಎಂಟೇ ಕುರ್ಚಿ. ಬಟ್ಟಲಿನಲ್ಲಿ ಒಂದು ದಿನ ಬೇಯಿಸಿದ ಮೂಲಂಗಿ, ಇನ್ನೊಂದು ದಿನ ಎಳ್ಳು ಹಾಕಿದ ಸೊಪ್ಪು. ಅದು ಮುಂದೆ ಬಂತೆಂದರೆ, ಕುರ್ಚಿ ನಿಮ್ಮದು, ಆರಾಮಾಗಿ ಕೂತಿರಿ ಎಂದರ್ಥ.

ವಿದೇಶಿ ಪ್ರವಾಸಿಗರಿಗೆ ಇದು ತಿಳಿಯುತ್ತಿರಲಿಲ್ಲ. "ನಾವು ಇದನ್ನ ಕೇಳಿಲ್ಲ" ಎಂದು ಅವರ ಫೋನುಗಳು ಜಪಾನಿ ಭಾಷೆಯಲ್ಲಿ ಹೇಳುತ್ತಿದ್ದವು. ಬಿಲ್ಲು ಕೊಡುವಾಗ ದಿನಾ ತಕರಾರು. ಕೊನೆಗೆ ಫುಮಿನೊ ಬಟ್ಟಲನ್ನೇ ನಿಲ್ಲಿಸಿ, ಇಂಗ್ಲಿಷ್, ಜಪಾನಿ ಎರಡೂ ಭಾಷೆಯಲ್ಲಿ ಬೋರ್ಡು ಬರೆದು ಗೋಡೆಗೆ ಹಾಕಿದಳು: ಕುರ್ಚಿಗೆ ನಾನೂರು ಯೆನ್. ಪ್ರವಾಸಿಗರು ಓದಿ, ತಲೆಯಾಡಿಸಿ, ಕೊಟ್ಟು ಹೋದರು. ತಕರಾರು ಮುಗಿಯಿತು.

ಬೋರ್ಡು ಹಾಕಿದ ದಿನವೇ ಸಂಜೆ ನಿಶಿಗಾಕಿ ಬಂದರು. ಮರದ ತೊಟ್ಟಿ ಮಾಡುವ ಮುದುಕರು. ಒಲೆ ಪಕ್ಕದ ಕುರ್ಚಿಯಲ್ಲಿ ಒಂದು ಬಾಟಲಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುವುದು ಅವರ ವಾಡಿಕೆ. ಬೋರ್ಡು ಓದಿ ಕೂತರು.

"ಏನು ಯಜಮಾನ್ತೀ, ವ್ಯಾಪಾರ ಜೋರು! ಬಾಗಿಲಾಚೆನೂ ಜನ ನಿಂತಿದಾರೆ."

"ನಿಮ್ಮ ಬಾಯಲ್ಲಿ ಹೊಗಳಿಕೆ ಬಂತಾ? ನಾಳೆ ಭೂಕಂಪ ಗ್ಯಾರಂಟಿ."

ಅವರು ನಕ್ಕು, ಬಿಯರನ್ನು ಬೇಗ ಬೇಗ ಕುಡಿದು ಎದ್ದರು. "ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡ್ರಿ" ಎಂದು ಎಂದಿಗಿಂತ ಹೆಚ್ಚು ಬಾಗಿ ನಮಸ್ಕರಿಸಿದರು. ಬಂಗಡೆ ತಿರುವುತ್ತಿದ್ದ ಫುಮಿನೊ, "ನಾಳೆ ಬನ್ನಿ" ಎಂದಳು.

ಮರುದಿನ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ಫುಮಿನೊ ಅವರ ಕೆಲಸದ ಮನೆಗೇ ಹೋದಳು. ನಿಶಿಗಾಕಿ ಹಲಗೆಗೆ ಕೀಸುಳಿ ಹೊಡೆಯುತ್ತಿದ್ದರು.

"ಮೈ ಹುಷಾರಿಲ್ವಾ?"

"ಗಟ್ಟಿಯಾಗೇ ಇದೀನಿ. ಬೋರ್ಡು ಓದ್ದೆ, ಅಷ್ಟೇ."

"ಅಯ್ಯೋ, ಅದು ಹೊರಗಿನೋರಿಗೆ ಬರೆದಿದ್ದು!"

"ಅವ್ರಿಗೆ ಅವ್ರ ಭಾಷೆ ಸಾಕಿತ್ತಲ್ಲ. ನಮ್ಮ ಅಕ್ಷರದಲ್ಲೂ ಬರೆದ್ರಿ. ಒಂದು ಬಾಟಲಿಗೆ ಅಷ್ಟು ಹೊತ್ತು ಕುರ್ಚಿ ಹಿಡ್ಕೊಂಡು ಕೂರೋನು ನಾನೊಬ್ನೇ. ಎಷ್ಟು ನಯವಾಗಿ ಎಬ್ಬಿಸಿದ್ರಿ ಅಂತ ಮೆಚ್ಕೊಂಡೆ ಕಣಮ್ಮ."

ಆ ಊರಲ್ಲಿ ಯಾರೂ ಯಾರಿಗೂ ಎದ್ದು ಹೋಗಿ ಎನ್ನುವುದಿಲ್ಲ. ಬೇರೇನೋ ಹೇಳುತ್ತಾರೆ, ಕೇಳಿದವರು ತಿಳಿದುಕೊಂಡು ಏಳುತ್ತಾರೆ. ನಿಶಿಗಾಕಿಯ ಜಾಗದಲ್ಲಿ ತಾನಿದ್ದರೂ ಫುಮಿನೊ ಆ ಬೋರ್ಡನ್ನು ಹಾಗೆಯೇ ಓದುತ್ತಿದ್ದಳು.

"ಬೋರ್ಡು ಇವತ್ತೇ ತೆಗೀತೀನಿ. ಬನ್ನಿ."

"ತೆಗೀರಿ, ಬಟ್ಟಲು ಇಲ್ದೆ ಅಂಗಡಿಗೆ ಕಳೆ ಇಲ್ಲ. ಆದ್ರೆ ಕೊನೇ ನಮಸ್ಕಾರ ಹೇಳಿ ಬಂದೋನು ಮತ್ತೆ ಬಂದು ಕೂತ್ರೆ, ನಾನೇ ಬಲವಂತ ಮಾಡಿ ನಿಮ್ ಕೈಲಿ ಕರೆಸ್ಕೊಂಡ ಹಾಗಾಗತ್ತೆ. ನನ್ನಿಂದಾಗಲ್ಲ."

ಅವಳು ಬೋರ್ಡು ತೆಗೆದಳು. ಬಟ್ಟಲು ಮರಳಿತು. ಕೇಳದೆ ಬರುವ ಬಟ್ಟಲಿಗೂ ದುಡ್ಡು ಉಂಟು ಎಂದು ಪ್ರವಾಸಿಗರಿಗೆ ಮಾತ್ರ ಬಾಗಿಲಲ್ಲೇ ಹೇಳತೊಡಗಿದಳು. ಕೆಲವರು ಹಿಂದಿರುಗಿದರು, ಒಳಗೆ ಬಂದವರು ಮೂಲಂಗಿಯನ್ನು ಇಷ್ಟಪಟ್ಟು ತಿಂದರು. ನಿಶಿಗಾಕಿ ದಾರಿಯಲ್ಲಿ ಸಿಕ್ಕಾಗ ನಿಂತು, ಹವೆಯ ಬಗ್ಗೆ ಎರಡು ಮಾತಾಡಿ ಹೋಗುತ್ತಾರೆ. ಅಂಗಡಿ ಹಾಗೆಯೇ ನಡೆಯಿತು. ಅವರು ಬರಲಿಲ್ಲ.